ಸುಮ್ಮನೆ ಹೋಗದ ನೀರು

ಚಳ್ಳಕೆರೆಯಲ್ಲಿ ಮನೆ ಪಕ್ಕದಲ್ಲೋ ತಾರಸಿ ಮೇಲೋ ತರಕಾರಿ ಬೆಳೆಯುತ್ತೇವೆ ಅಂದರೆ ಎದುರಿಗಿದ್ದವರು ಮೊದಲು ಎತ್ತುವುದು ನೀರಿನ ಮಾತನ್ನೇ. "ಕುಡಿಯೋ ನೀರಿಗೇ ಕಾಯ್ಕಂಡು ಕೂತಿರ್ತೀವಿ, ಬದನೆಗಿಡಕ್ಕೆ ಎಲ್ಲಿಂದ ತರ್ತೀಯಮ್ಮ?" ಕೇಳುವುದರಲ್ಲಿ ತಪ್ಪೇನಿಲ್ಲ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಹೆಸರು ಹೇಳುವಾಗ ಚಳ್ಳಕೆರೆ, ಮೊಳಕಾಲ್ಮೂರು ತಪ್ಪದೆ ಬರುತ್ತವೆ. ವರ್ಷಕ್ಕೆ 500 ಮಿಲಿಮೀಟರ್ ಮುಟ್ಟಿದರೆ ನಮ್ಮಲ್ಲಿ ಅದು ಒಳ್ಳೆಯ ಮಳೆ. ಅದೂ ಹದವಾಗಿ ಬರುವುದಿಲ್ಲ. ಜೂನ್, ಜುಲೈಯಲ್ಲಿ ಮೋಡ ಕವಿದು, ಗಾಳಿ ಬೀಸಿ, ಮಣ್ಣು ಎರಚಿ ಹೋಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ಕೆಲವೇ ಜೋರು ಮಳೆಗಳಲ್ಲಿ ವರ್ಷದ ಬಹುಪಾಲು ಸುರಿದುಬಿಡುತ್ತದೆ. ವೇದಾವತಿ ನಮ್ಮ ತಾಲ್ಲೂಕಿನಲ್ಲೇ ಹಾದು ಪರಶುರಾಂಪುರದ ಕಡೆಯಿಂದ ಆಂಧ್ರಕ್ಕೆ ಹೋಗುತ್ತಾಳೆ. ವರ್ಷದ ಹೆಚ್ಚು ದಿನ ಅಲ್ಲಿ ಕಾಣುವುದು ಮರಳು. ಅದೇ ನದಿಗೆ ಹಿರಿಯೂರಿನ ಮೇಲ್ಗಡೆ ಹಾಕಿದ ವಾಣಿವಿಲಾಸ ಸಾಗರ ಅಣೆಕಟ್ಟು 1907ರಲ್ಲಿ ಕಟ್ಟಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಆ ವರ್ಷ ನೀರು ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋದರು. ಅಜ್ಜಂದಿರು ಮೊಮ್ಮಕ್ಕಳ ಕೈಹಿಡಿದು ಕರೆದೊಯ್ದು ತೋರಿಸಿದರು.

ಇಂಥ ಸೀಮೆಯಲ್ಲಿ ಊರೊಳಗೆ ಕೂತು ಸೊಪ್ಪು, ತರಕಾರಿ ಬೆಳೆಯುವುದಕ್ಕೆ ನೀರೆಲ್ಲಿ ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಸರಳವಾದದ್ದು. ಹೊಸ ನೀರು ಬೇಕಾಗಿಲ್ಲ. ದಿನಾ ನಮ್ಮ ಮನೆಯಿಂದ ಹೊರಗೆ ಹೋಗುತ್ತಿರುವ ನೀರೇ ಸಾಕು. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಮೊಳಕಾಲ್ಮೂರಿನ ಹಳೇ ಬೀದಿಯಲ್ಲಿದ್ದ ಅಜ್ಜಿಯ ಮನೆಯ ಬಚ್ಚಲಿನ ಹಿಂದೆ ನಿಂತು ಕಲಿತೆ.

ಆ ಕಾಲದ ಮನೆಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗಾಗಿ ಹೇಳುತ್ತೇನೆ. ಕಲ್ಲು, ಮಣ್ಣಿನ ಗೋಡೆ, ಮೇಲೆ ಚೌಳು ಮಣ್ಣು ಹಾಕಿ ಬಡಿದ ಮಾಳಿಗೆ. ಅಡಿಗೆಮನೆಯ ಮಗ್ಗುಲಿಗೆ ಬಚ್ಚಲು. ಅಲ್ಲಿ ಹಂಡೆ, ಪಕ್ಕಕ್ಕೆ ಕಲ್ಲಿನ ಬಾನಿ, ಮೈತೊಳೆಯಲು ಚಪ್ಪಡಿ. ಗೋಡೆಯ ಬುಡದಲ್ಲಿ ಅಂಗೈಯಗಲದ ಒಂದು ತೂತು. ಆ ತೂತಿನ ಆಚೆ ಹಿತ್ತಲು. ಹಿತ್ತಲು ಎಂದರೆ ದೊಡ್ಡದೇನಲ್ಲ, ಎರಡು ಮಂಚ ಹಾಕುವಷ್ಟು ಜಾಗ. ಅದರಲ್ಲಿ ಒಂದು ಬಾಳೆಗುಂಪು, ಒಂದು ನುಗ್ಗೆಮರ, ಕರಿಬೇವು, ಕಲ್ಲಿನ ಸಂದಿಯಲ್ಲಿ ದೊಡ್ಡಪತ್ರೆ, ಗೋಡೆಗೆ ಆನಿಕೊಂಡು ಚಪ್ಪರದವರೆ. ಮಳೆಗಾಲ ಶುರುವಾಗುವ ಹೊತ್ತಿಗೆ ಅಜ್ಜಿ ಸೋರೆ, ಕುಂಬಳದ ಬೀಜ ಊರುತ್ತಿದ್ದಳು. ಬಳ್ಳಿ ಗೋಡೆ ಹತ್ತಿ ಮಾಳಿಗೆ ಮೇಲೆ ಹರಡಿ ಅಲ್ಲೇ ಕಾಯಿ ಬಿಡುತ್ತಿತ್ತು. ದಸರೆ ಕಳೆದ ಮೇಲೆ ನಾವು ಮಕ್ಕಳು ಏಣಿ ಹತ್ತಿ ಕುಂಬಳಕಾಯಿ ಇಳಿಸುತ್ತಿದ್ದೆವು. ಬಳ್ಳಿಯ ಕೆಳಗಿನ ಕೋಣೆ ತಂಪಾಗಿರುತ್ತಿತ್ತು. ಬೆಂಗಳೂರಿನಲ್ಲಿ ತಾರಸಿ ತೋಟ ಎಂಬ ಮಾತು ಹುಟ್ಟುವ ಮೊದಲೇ ನಮ್ಮ ಬಯಲುಸೀಮೆಯ ಮಾಳಿಗೆಗಳ ಮೇಲೆ ಅಡಿಗೆಯ ಕಾಯಿ ಬೆಳೆದಿತ್ತೆಂಬುದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಅಜ್ಜಿ ಆ ಗಿಡಗಳಿಗೆಂದು ಒಂದು ಕೊಡ ನೀರನ್ನೂ ಹೊತ್ತು ತಂದವಳಲ್ಲ. ದೂರದ ಬಾವಿಯಿಂದ ತಂದ ನೀರು ಮೊದಲು ಅಕ್ಕಿ ತೊಳೆಯುತ್ತಿತ್ತು. ಆ ಕಲಗಚ್ಚು ಎಮ್ಮೆಗೆ. ಪಾತ್ರೆ ಬೆಳಗುತ್ತಿದ್ದದ್ದು ಬೂದಿಯಲ್ಲಿ. ಆ ನೀರು ನುಗ್ಗೆಮರಕ್ಕೆ. ತಲೆಗೆ ಸೀಗೆಪುಡಿ; ಸ್ನಾನದ ನೀರು ತೂತಿನಿಂದ ಬಾಳೆಬುಡಕ್ಕೆ. ನಾನು ಸಣ್ಣವಳಿದ್ದಾಗ ಕೈತೊಳೆದ ನೀರನ್ನು ಬೀದಿಗೆ ಎರಚಿದರೆ ಗದರುತ್ತಿದ್ದಳು: "ನೀರು ಸುಮ್ನೆ ಹೋಗ್ಬಾರ್ದು ಕಣೇ. ಏನಾರ ಒಂದು ಕೆಲ್ಸ ಮಾಡ್ಕಂಡೇ ಹೋಗ್ಬೇಕು." ನೀರಿನ ಮರುಬಳಕೆ ಕುರಿತು ಆಮೇಲೆ ಎಷ್ಟೋ ಓದಿದ್ದೇನೆ. ಈ ಎರಡು ವಾಕ್ಯಕ್ಕಿಂತ ಹೆಚ್ಚಿನದನ್ನು ಯಾವುದೂ ಹೇಳಲಿಲ್ಲ.

ಆ ತೂತು ಮುಚ್ಚಿದ್ದು ಹೇಗೆ? ಯಾರೂ ಕೆಟ್ಟದ್ದು ಬಯಸಿ ಮುಚ್ಚಲಿಲ್ಲ. ಬೀದಿಗೆ ಸಿಮೆಂಟು ಚರಂಡಿ ಬಂತು. ಬರಬೇಕಾಗಿತ್ತು; ಹಿತ್ತಲಲ್ಲಿ ನಿಂತ ಕೊಳಚೆಯಲ್ಲಿ ಸೊಳ್ಳೆ ಹುಟ್ಟಿ ಜ್ವರ ಹರಡುತ್ತಿದ್ದದ್ದು ಸುಳ್ಳಲ್ಲ. ಆದರೆ ಚರಂಡಿ ಬಂದ ಮೇಲೆ ಬಚ್ಚಲ ನೀರನ್ನೆಲ್ಲ ಅದಕ್ಕೇ ತಿರುಗಿಸಿದೆವು. ಆಮೇಲೆ ಮೂವತ್ತು ನಲವತ್ತರ ಸೈಟುಗಳು ಬಂದವು, ಕಾಂಪೌಂಡಿನ ಅಂಚಿನವರೆಗೂ ಮನೆ ಬಂತು, ಮಿಕ್ಕ ಮೂರಡಿಗೆ ಟೈಲ್ಸ್ ಬಂತು. ಈಗ ಚಳ್ಳಕೆರೆಯ ಹೊಸ ಬಡಾವಣೆಗಳಲ್ಲಿ ನಡೆದರೆ ಬರಿ ಮಣ್ಣು ಕಾಣಬೇಕೆಂದರೆ ಖಾಲಿ ಸೈಟಿಗೇ ಹೋಗಬೇಕು. ಒಂದೆಡೆ ಮನೆಯ ನೀರು ಪೈಪಿನಲ್ಲಿ ಚರಂಡಿಗೆ ಇಳಿಯುತ್ತಿರುತ್ತದೆ, ಇನ್ನೊಂದೆಡೆ ಅದೇ ಮನೆಯವರು ಹತ್ತು ರೂಪಾಯಿ ಕೊಟ್ಟು ಬಾಡಿದ ಕೊತ್ತಂಬರಿ ಕಟ್ಟು ತರುತ್ತಿರುತ್ತಾರೆ. ಇದು ನನಗೆ ನಿಜವಾಗಿ ಸಂಕಟ ತರುವ ಸಂಗತಿ.

ನಾಲ್ಕು ಜನರ ಮನೆಯಲ್ಲಿ ಸ್ನಾನ, ಪಾತ್ರೆ, ಅಕ್ಕಿಬೇಳೆ ತೊಳೆಯುವುದು ಎಲ್ಲ ಸೇರಿ ದಿನಕ್ಕೆ ನೂರು ಲೀಟರಾದರೂ ಹೊರಹೋಗುತ್ತದೆ. ತಾರಸಿಯ ಮೇಲಿನ ಇಪ್ಪತ್ತು ಮೂವತ್ತು ಕುಂಡಗಳಿಗೆ ಕಡು ಬೇಸಿಗೆಯಲ್ಲೂ ನಲವತ್ತು ಲೀಟರ್ ಸಾಕು. ಲೆಕ್ಕ ಇಷ್ಟೇ. ಹಾಗೆಂದು ಎಲ್ಲ ನೀರೂ ಎಲ್ಲ ಗಿಡಕ್ಕೂ ಅಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸೊಪ್ಪಿನ ಕುಂಡಗಳಿಗೆ ಹಾಗೆಯೇ ಹಾಕಬಹುದು. ಸೋಪಿನ ಸ್ನಾನದ ನೀರು ಬಾಳೆ, ಪಪ್ಪಾಯಿ, ನುಗ್ಗೆ, ಕಾಬಾಳೆಗಳ ಬುಡಕ್ಕೆ. ಹಸಿಯಾಗಿ ತಿನ್ನುವ ಎಲೆಗಳ ಮೇಲೆ ಬೀಳಬಾರದು. ಬಟ್ಟೆ ಒಗೆದ ಪೌಡರಿನ ನೀರಲ್ಲಿ ಸೋಡಿಯಂ ಹೆಚ್ಚು. ಅದನ್ನು ದಿನಾ ಹಾಕಿದರೆ ಮಣ್ಣು ಬಿಗಿದು ಗಿಡ ಸೊರಗುತ್ತದೆ. ಯಾವ ಬಚ್ಚಲ ನೀರನ್ನೂ ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು, ನಾರುತ್ತದೆ. ಶೌಚಾಲಯದ ನೀರನ್ನು ಮುಟ್ಟುವಂತೆಯೇ ಇಲ್ಲ. ಇಷ್ಟು ಎಚ್ಚರಿಕೆ ಇದ್ದರೆ ಸೊಳ್ಳೆಯ ಭಯವೂ ಇಲ್ಲ, ಚರಂಡಿಯ ಮೇಲೆ ಹೊರೆಯೂ ಇಲ್ಲ.

ಇನ್ನು ಮೇಲಿಂದ ಬೀಳುವ ನೀರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ನಮ್ಮ ಬಡ ಮಳೆಯನ್ನು 450 ಮಿಲಿಮೀಟರ್ ಎಂದೇ ಹಿಡಿದರೂ ಆ ತಾರಸಿ ಮೇಲೆ ವರ್ಷಕ್ಕೆ ಸುಮಾರು 42 ಸಾವಿರ ಲೀಟರ್ ಬೀಳುತ್ತದೆ. ಸೋರಿದ್ದು, ಆರಿದ್ದು, ಮೊದಲ ಮಳೆಯಲ್ಲಿ ಧೂಳು ತೊಳೆದು ಬಿಟ್ಟದ್ದು ಕಳೆದರೂ 30 ಸಾವಿರ ಲೀಟರ್ ಹಿಡಿಯಬಹುದು. ಐದು ಸಾವಿರ ಲೀಟರಿನ ಒಂದು ತೊಟ್ಟಿ ತುಂಬಿಟ್ಟುಕೊಂಡರೆ ದಿನಕ್ಕೆ ನಲವತ್ತು ಲೀಟರಿನಂತೆ ನಾಲ್ಕು ತಿಂಗಳು ಗಿಡಗಳು ಬದುಕುತ್ತವೆ. ಮಿಕ್ಕದ್ದು ಇಂಗುಗುಂಡಿಗೆ, ಕೊಳವೆಬಾವಿಯ ಪಕ್ಕಕ್ಕೆ. ಈ ಇಂಗಿಸುವ ಕೆಲಸವನ್ನು ವರ್ಷಾನುಗಟ್ಟಲೆ ಊರೂರಿಗೆ ಹೋಗಿ ಹೇಳಿದವರು ನಮ್ಮ ಜಿಲ್ಲೆಯವರೇ ಆದ ಜಲತಜ್ಞ ಎನ್. ಜೆ. ದೇವರಾಜ ರೆಡ್ಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದವರೆಂದು. ಈ ಸೀಮೆಯಲ್ಲಿ ನೀರು ಹಿಡಿದವರಿಗೆ ಸಿಕ್ಕ ಗೌರವ ಬೇರೆಯವರಿಗೆ ಸಿಕ್ಕಿಲ್ಲ.

ಮಳೆನೀರಿಗೆ ಇನ್ನೊಂದು ಗುಣವಿದೆ. ನಮ್ಮ ಕೊಳವೆಬಾವಿಯ ನೀರು ಗಡುಸು. ಅದನ್ನೇ ಹಾಕುತ್ತಾ ಹೋದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕೂರುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಜನ ರೋಗವೆಂದು ಔಷಧಿ ಹೊಡೆಯುತ್ತಾರೆ. ಅದು ಉಪ್ಪಿನ ಕೆಲಸ. ಎರಡು ಒಳ್ಳೆ ಮಳೆಗೆ ಕುಂಡಗಳನ್ನು ತೆರೆದಿಟ್ಟರೆ ಆ ಉಪ್ಪು ತೊಳೆದು ಹೋಗಿ ಗಿಡ ಮತ್ತೆ ಚಿಗುರುತ್ತದೆ.

ನೀರಿನ ಮಾತಾಯಿತು. ಗೊಬ್ಬರದ ಮಾತಿಗೆ ಬಂದರೆ ಚಳ್ಳಕೆರೆಯಷ್ಟು ಸಿರಿವಂತ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಇದು ಎಣ್ಣೆಯ ಊರು. ಸುತ್ತಲಿನ ಕೆಂಪುನೆಲದ ಶೇಂಗಾ ಇಲ್ಲಿಗೆ ಬಂದು, ಮಿಲ್ಲುಗಳಲ್ಲಿ ಎಣ್ಣೆಯಾಗಿ, ಊರಿಗೆ ಎರಡನೇ ಮುಂಬಯಿ ಎಂಬ ಹೆಸರು ತಂದುಕೊಟ್ಟಿತ್ತು. ಹೊರದೇಶದ ತಾಳೆಎಣ್ಣೆ ಅಗ್ಗವಾಗಿ ಬರತೊಡಗಿದ ಮೇಲೆ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು. ಆದರೂ ಉಳಿದ ಮಿಲ್ಲು, ಗಾಣಗಳ ಮುಂದೆ ಹೋಗಿ ನಿಂತರೆ ಶೇಂಗಾ ಹಿಂಡಿ ಸಿಗುತ್ತದೆ. ಅದರಲ್ಲಿ ನೂರಕ್ಕೆ ಏಳು ಭಾಗ ಸಾರಜನಕ. ತೋಟದವರು ಹೊಗಳುವ ಬೇವಿನ ಹಿಂಡಿಯಲ್ಲಿ ಇರುವುದು ಐದರಷ್ಟು. ಹಿಡಿ ಹಿಂಡಿಯನ್ನು ಬಕೆಟ್ ನೀರಲ್ಲಿ ಮೂರು ದಿನ ನೆನೆಹಾಕಿ, ತಿಳಿಯನ್ನು ಹತ್ತರಷ್ಟು ನೀರಿಗೆ ಬೆರೆಸಿ ಬುಡಕ್ಕೆ ಹಾಕಿದರೆ ಸೊಪ್ಪಿನ ಬಣ್ಣವೇ ಬೇರೆ. ಗಟ್ಟಿಯಾಗಿ ಹಾಕಬಾರದು, ಇರುವೆ ಮುತ್ತುತ್ತದೆ, ಬೇರು ಸುಡುತ್ತದೆ. ಶೇಂಗಾ ಸಿಪ್ಪೆಯನ್ನು ಮೂಟೆಗಟ್ಟಲೆ ಉರುವಲಿಗೆ ಕೊಡುತ್ತಾರೆ. ಅದರಲ್ಲಿ ಒಂದು ಮೂಟೆ ತಂದು ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಹರಡಿದರೆ ನೀರು ಆರುವುದು ಎಷ್ಟೋ ಕಡಿಮೆಯಾಗುತ್ತದೆ. ಹದಿನೈದು ಕೆಜಿಯ ಹಳೇ ಎಣ್ಣೆಡಬ್ಬಗಳೇ ಕುಂಡ. ತಗಡು ಕಾದು ಬೇರು ಬೇಯದ ಹಾಗೆ ಸುತ್ತ ಗೋಣಿತಾಟು ಸುತ್ತಬೇಕು; ಕೆಳಗೆ ಮೊಳೆಯಿಂದ ನಾಲ್ಕು ತೂತು ಹೊಡೆಯಬೇಕು. ಬೇರೆ ಊರವರು ದುಡ್ಡು ಕೊಟ್ಟು ಪ್ಲಾಸ್ಟಿಕ್ ಚೀಲ ತರಿಸಿಕೊಳ್ಳುತ್ತಾರೆ, ಎರಡು ಬೇಸಿಗೆಗೆ ಅದು ಹರಿಯುತ್ತದೆ.

ಎರಡನೆಯ ಸಿರಿ ಕುರಿ. ಚಳ್ಳಕೆರೆಯ ಕಂಬಳಿಗೆ ನಾಡಿನಲ್ಲೆಲ್ಲ ಹೆಸರು. ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ತಂಗಿಸಿ, ಆ ಹಿಕ್ಕೆ, ಗಂಜಲಕ್ಕೆ ಪ್ರತಿಯಾಗಿ ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುವ ಪದ್ಧತಿ ನಮ್ಮ ರೈತರಲ್ಲಿ ಇಂದಿಗೂ ಇದೆ. ಊರೊಳಗಿನವರಿಗೆ ಒಂದು ಚೀಲ ಕುರಿಗೊಬ್ಬರ ವರ್ಷಕ್ಕೆ ಬೇಕಾದಷ್ಟಾಯಿತು. ಅದು ಬಿಸಿ ಗೊಬ್ಬರ. ಮಳೆಗಾಲ ಒಂದು ಕಳೆಯಬೇಕು, ಆಮೇಲೆ ಮಣ್ಣಿಗೆ ಬೆರೆಸಬೇಕು.

ಉಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ನಮ್ಮೂರಲ್ಲೇ ಜನ ಗಮನಿಸಿಲ್ಲ. ದಖನಿ ಕುರಿಯ ಒರಟು ಉಣ್ಣೆಗೆ ಈಗ ಗಿರಾಕಿ ಕಡಿಮೆ. ಕತ್ತರಿಸಿದ ಉಣ್ಣೆಯಲ್ಲಿ ಎಷ್ಟೋ ಪಾಲು ಹಾಳಾಗಿ ಹೋಗುತ್ತದೆ. ಕಂಬಳಿ ನೇಯುವ ಮನೆಗಳಲ್ಲೂ ತುಂಡು ಉಣ್ಣೆ, ಹರಿದ ಕಂಬಳಿ ಮೂಲೆಗೆ ಬೀಳುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು, ಮುಟ್ಟಿದರೆ ಒದ್ದೆಯೆನಿಸದ ಹಾಗೆ, ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಕರಗುತ್ತಾ ಬಂದಾಗ ನಿಧಾನವಾಗಿ ಸಾರಜನಕ ಕೊಡುತ್ತದೆ. ಜರ್ಮನಿ, ಅಮೆರಿಕಗಳಲ್ಲಿ ಇಂಥದ್ದೇ ಒರಟು ಉಣ್ಣೆಯನ್ನು ಗುಳಿಗೆ ಮಾಡಿ ಕೈತೋಟದವರಿಗೆ ಮಾರುತ್ತಾರೆ. ನಾನು ಹಳೇ ಕಂಬಳಿಯನ್ನು ಅಂಗೈಯಗಲ ಕತ್ತರಿಸಿ ಡಬ್ಬದ ತಳಕ್ಕೂ ನಡುವಿಗೂ ಹಾಸುತ್ತೇನೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಬೇರೆ ಕುಂಡಗಳ ಗಿಡಗಳು ಸಂಜೆಗೆ ಜೋತುಬಿದ್ದಾಗ ಕಂಬಳಿ ಹಾಸಿದ ಡಬ್ಬದ ಮೆಣಸಿನಗಿಡ ಮಾರನೇ ದಿನದವರೆಗೂ ನೆಟ್ಟಗೆ ನಿಂತಿರುತ್ತದೆ. ಚಳಿಗಾಲದಲ್ಲಿ ಕುರಿಗಾರನನ್ನು ಕಾಯುವ ಬಟ್ಟೆ ಬೇಸಿಗೆಯಲ್ಲಿ ಗಿಡವನ್ನು ಕಾಯುತ್ತದೆ. ಕಂಬಳಿ ಸೊಸೈಟಿಗಳು, ತೋಟಗಾರಿಕೆ ಓದಿದ ನಮ್ಮ ಹುಡುಗರು ಕೂತು ಯೋಚಿಸಿದರೆ ಇದರಲ್ಲಿ ಕುರಿಗಾರರಿಗೆ ಒಂದು ಹೊಸ ಸಂಪಾದನೆ ಇದೆ.

ಬೆಂಗಳೂರಿನಲ್ಲಿ ತಾರಸಿ ತೋಟದ ಕೆಲಸ ಚೆನ್ನಾಗಿ ಬೆಳೆದಿದೆ. ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ತಾರಸಿ ತೋಟವನ್ನು ಸಾವಿರಾರು ಜನರಿಗೆ ಕಲಿಸಿದರು. 2011ರಿಂದ ಅಲ್ಲಿ 'ಊಟ ಫ್ರಮ್ ಯುವರ್ ತೋಟ' ಎಂಬ ಮೇಳ ನಡೆಯತೊಡಗಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮನೆಯ ಮೂಲೆಯಲ್ಲಿ ನಿಲ್ಲಿಸಬಹುದಾದ ಅಟ್ಟಣಿಗೆ ತೋಟವನ್ನೇ ರೂಪಿಸಿದ್ದಾರೆ. ಅವರ 'ಅರ್ಕಾ ಸುಗುಣ' ದಂಟನ್ನು ಒಮ್ಮೆ ಬಿತ್ತಿದರೆ ಹಲವು ಸಲ ಕೊಯ್ಯಬಹುದು, ಅದನ್ನು ನಾನೂ ಬೆಳೆಯುತ್ತೇನೆ. ಆದರೆ ಬೆಂಗಳೂರಿನ ಪಾಠವನ್ನು ಇಡಿಯಾಗಿ ತಂದು ಚಳ್ಳಕೆರೆಯಲ್ಲಿ ಇಳಿಸಿದರೆ ಸೋಲುತ್ತೇವೆ. ಅಲ್ಲಿನ ಹವೆ ತಂಪು, ಮಳೆ ನಮ್ಮ ಎರಡರಷ್ಟು. ನಮ್ಮಲ್ಲಿ ಆಷಾಢದ ಗಾಳಿ ಹೇಗೆಂದರೆ, ಅದನ್ನು ನಂಬಿಯೇ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿದ್ದಾರೆ. ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟ ಕುಂಡ ಒಂದೇ ಮಧ್ಯಾಹ್ನಕ್ಕೆ ಒಣಗುತ್ತದೆ. ಆದ್ದರಿಂದ ನಮ್ಮ ತೋಟ ಎತ್ತರಕ್ಕೆ ಹೋಗಬಾರದು, ತಗ್ಗಿಗೆ ಹೋಗಬೇಕು.

ಈ ಮಾತು ನನ್ನೊಬ್ಬಳದಲ್ಲ. ಲೋಕದ ಬೇರೆ ಒಣನಾಡುಗಳಲ್ಲೂ ಇದನ್ನೇ ಕಂಡುಕೊಂಡಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೋದ ಜೂನಿ ಬುಡಕಟ್ಟಿನವರು ಸುತ್ತ ಮಣ್ಣಿನ ಸಣ್ಣ ಒಡ್ಡು ಕಟ್ಟಿ, ನಡುವೆ ತಗ್ಗು ಬಿಟ್ಟು, ಸಾಲುಸಾಲು ಚೌಕುಳಿ ಮಡಿಗಳಲ್ಲಿ ತರಕಾರಿ ಬೆಳೆಯುತ್ತಿದ್ದರು. ಕೊಡದಲ್ಲಿ ಹೊತ್ತು ತಂದ ನೀರು ಆಚೀಚೆ ಹರಿಯದೆ ಅಲ್ಲೇ ಇಂಗುತ್ತಿತ್ತು. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಫ್ಯಾನ್ ಶೆಂಗ್‌ಜಿಯ ಕೃಷಿಗ್ರಂಥ ಮಡಕೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಸುತ್ತ ಬಳ್ಳಿಬೀಜ ಊರುವ ಕ್ರಮ ಹೇಳುತ್ತದೆ. ಸುಟ್ಟ ಮಣ್ಣಿನ ಮೈಯಿಂದ ನೀರು ಬೇಕಾದಷ್ಟೇ ಜಿನುಗುತ್ತದೆ. ಮಣ್ಣು ಒದ್ದೆಯಿದ್ದಾಗ ನಿಲ್ಲುತ್ತದೆ, ಒಣಗಿದಾಗ ಬರುತ್ತದೆ. ನಮ್ಮ ಸಂತೆಯಲ್ಲಿ ಕುಂಬಾರರು ಮಾರುವ ಸಣ್ಣ ಗಡಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಗಡಿಗೆಯ ಸುತ್ತ ಹೀರೆ, ಹಾಗಲ ನಾಲ್ಕು ಬುಡ ಹಿಡಿಸುತ್ತವೆ. ಮೂರು ದಿನಕ್ಕೊಮ್ಮೆ ತುಂಬಿ ಬಾಯಿಗೆ ಕರಟ ಮುಚ್ಚಿದರೆ ಆಯಿತು, ಊರಿಗೆ ಹೋಗಿ ಬರಬಹುದು.

ಮೊಳಕಾಲ್ಮೂರಿನ ಮಾತು ಸ್ವಲ್ಪ ಬೇರೆ. ಸುತ್ತ ಬಂಡೆಗಳ ಗುಡ್ಡ, ನಡುವೆ ಒತ್ತಾದ ಬೀದಿಗಳು, ಮನೆಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ನಡುಮನೆಯನ್ನೆಲ್ಲ ಗುಂಡಿಮಗ್ಗ ಹಿಡಿದಿರುವ ಮನೆಯಲ್ಲಿ ಹಿತ್ತಲು ಎಲ್ಲಿಂದ ಬರಬೇಕು? ಅಲ್ಲಿನ ಹೆಂಗಸರು ತಾರಸಿಯ ಮೇಲೆ ಒಡೆದ ಬಿಂದಿಗೆ, ಬಣ್ಣದ ಡಬ್ಬ, ಸಿಮೆಂಟು ತೊಟ್ಟಿಗಳಲ್ಲಿ ಪುಂಡಿಸೊಪ್ಪು, ಕರಿಬೇವು, ಪುದೀನ ಇಟ್ಟುಕೊಳ್ಳುತ್ತಾರೆ. ಆಂಧ್ರದ ರಾಯದುರ್ಗ ಮಗ್ಗುಲಲ್ಲೇ ಇರುವುದರಿಂದ ಪುಂಡಿಯ ರುಚಿ ಆ ಬೀದಿಗಳಲ್ಲಿ ದೊಡ್ಡದು. ಮಗ್ಗದ ಮನೆಗಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು: ನೂಲಿಗೆ ಬಣ್ಣ ಹಾಕಿದ ನೀರನ್ನು ತಿನ್ನುವ ಗಿಡಕ್ಕೆ ಎಂದಿಗೂ ಹಾಕಬಾರದು. ಅದರ ಬದಲು, ಹುಳು ಸಾಕುವ ರೈತರ ಹತ್ತಿರ ರೇಷ್ಮೆಹುಳದ ಹಿಕ್ಕೆ, ತಿಂದು ಮಿಕ್ಕ ಸೊಪ್ಪಿನ ಕಡ್ಡಿ ಸಿಗುತ್ತದೆ. ಕೊಳೆಸಿದರೆ ಒಳ್ಳೆಯ ಗೊಬ್ಬರ.

ಮೊಳಕಾಲ್ಮೂರು ಎಂದಾಗ ಆ ತಾಲ್ಲೂಕಿನ ಬ್ರಹ್ಮಗಿರಿ ಬೆಟ್ಟವನ್ನು ನೆನೆಯದೆ ಮುಂದೆ ಹೋಗಲು ನನಗಾಗುವುದಿಲ್ಲ. ಅಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅವು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬರೆಸಿದವು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಅಶೋಕನಿಗಿಂತ ಎಷ್ಟೋ ಹಿಂದೆ, ನುಣುಪು ಕಲ್ಲಿನ ಕೊಡಲಿ ಹಿಡಿದ ನವಶಿಲಾಯುಗದವರು ಅಲ್ಲೇ ಬದುಕಿದ್ದ ಗುರುತು ಸಿಕ್ಕಿತು. ಅಷ್ಟು ಹಿಂದಿನಿಂದ ಜನ ಈ ಒಣ ಬಂಡೆಗಳ ನಡುವೆ ಊರು ಕಟ್ಟಿಕೊಂಡು ಉಂಡಿದ್ದಾರೆ. ಏನು ಉಂಡರು? ಇದೇ ಸೀಮೆಯ, ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಅದೇ ನವಶಿಲಾಯುಗದವರ ನೆಲೆಯಲ್ಲಿ ಸಿಕ್ಕ ಸುಟ್ಟ ಕಾಳುಗಳು ಹುರುಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷ ಈ ನೆಲ ಒಪ್ಪಿಕೊಂಡ ಬೆಳೆಗಳು ಇವು. ಆದ್ದರಿಂದ ಪೇಟೆಯ ಬೀಜದಂಗಡಿಯಲ್ಲಿ ಬ್ರಕೋಲಿಯ ಚಿತ್ರವಿರುವ ಪೊಟ್ಟಣ ಕೊಳ್ಳುವವರಿಗೆ ನಾನು ಹೇಳುವುದು: 40 ಡಿಗ್ರಿ ಬಿಸಿಲಿನ ಊರಿನಲ್ಲಿ ಅದಕ್ಕೆ ಸುರಿಯುವ ನೀರಲ್ಲಿ ಚಪ್ಪರದವರೆ, ಅಲಸಂದೆ, ಹರಿವೆ, ಪುಂಡಿ, ಹೀರೆ ಎಲ್ಲವನ್ನೂ ಬೆಳೆಯಬಹುದು. ಹೆಸರುಕಾಳನ್ನು ಒಂದು ಅಗಲ ಡಬ್ಬದಲ್ಲಿ ಬಿತ್ತಿದರೆ ಎಳೆಕಾಯಿಯೂ ಸಿಗುತ್ತದೆ, ಮಣ್ಣಿಗೆ ಸಾರಜನಕವೂ ಸೇರುತ್ತದೆ. ಮಳೆ ಬಿದ್ದಾಗ ತಾನೇ ಏಳುವ ಅಣ್ಣೆ, ಗೋಣಿ, ಹೊನಗನ್ನೆಗಳನ್ನು ಕಳೆ ಎಂದು ಕೀಳದೆ ಬಿಟ್ಟರೆ ಬೆರಕೆ ಸೊಪ್ಪಿನ ಬಸ್ಸಾರು, ಜೊತೆಗೆ ಬಿಸಿ ಮುದ್ದೆ.

ತಾರಸಿಯಿಂದ ಎಷ್ಟು ಸಿಗುತ್ತದೆ ಎಂಬುದನ್ನು ಉಬ್ಬಿಸದೆ ಹೇಳಬೇಕು. ಒಬ್ಬರಿಗೆ ದಿನಕ್ಕೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಗೆ ಒಂದೂವರೆ ಕಿಲೋ ಮೇಲೆ. ಅಷ್ಟನ್ನು ಮೂವತ್ತು ಡಬ್ಬಗಳು ದಿನಾ ಕೊಡಲಾರವು. ಈರುಳ್ಳಿ, ಆಲೂಗಡ್ಡೆ, ಕೋಸು ಅಂಗಡಿಯಿಂದಲೇ ಬರಬೇಕು, ನಮ್ಮ ತಾಲ್ಲೂಕಿನ ರೈತರ ಈರುಳ್ಳಿ, ಟೊಮೊಟೊವನ್ನು ನಾವು ಕೊಳ್ಳದೆ ಇನ್ನಾರು ಕೊಳ್ಳಬೇಕು? ಆದರೆ ಸೊಪ್ಪು, ಕರಿಬೇವು, ಹಸಿಮೆಣಸಿನಕಾಯಿ, ನುಗ್ಗೆ, ಪುದೀನ ವರ್ಷವಿಡೀ ಮನೆಯದೇ ಆಗಬಹುದು. ಮೆಂತ್ಯ ಮೂರು ವಾರಕ್ಕೆ, ಹರಿವೆ ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತದೆ. 2023ರ ಜುಲೈಯಲ್ಲಿ ಟೊಮೊಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಬೀದಿಯ ಹಲವು ಮನೆಗಳಲ್ಲಿ ಸಾರಿಗೆ ಪುಂಡಿಯ ಹುಳಿ ಸಾಕಾಯಿತು.

ಸೊಪ್ಪಿನ ಮೇಲೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮಗ್ಗದ ಮುಂದೆ ದಿನವಿಡೀ ಕೂರುವ ಅಕ್ಕಂದಿರು, ಶೇಂಗಾ ಬಿಡಿಸುವ ಕೂಲಿಗೆ ಹೋಗುವ ತಾಯಂದಿರು ಈ ಲೆಕ್ಕದಲ್ಲಿದ್ದಾರೆ. ತರಕಾರಿ ತುಟ್ಟಿಯಾದಾಗ ಮನೆಯಲ್ಲಿ ಮೊದಲು ಬಿಟ್ಟುಹೋಗುವುದು ಸೊಪ್ಪು. ಮಾಡಿದ ಪಲ್ಯದಲ್ಲಿ ಕೊನೆಗೆ ಉಣ್ಣುವವಳಿಗೆ ಉಳಿಯುವುದು ಕಡಿಮೆ. ಕೈ ಚಾಚಿದರೆ ಸಿಗುವ ಹಾಗೆ ನುಗ್ಗೆಮರ ಇದ್ದ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಅದರ ಸೊಪ್ಪು ಒಲೆಗೆ ಬರುತ್ತದೆ. ನುಗ್ಗೆಯಷ್ಟು ಕಡಿಮೆ ಕೇಳಿ ಅಷ್ಟೊಂದು ಕೊಡುವ ಗಿಡ ನಮ್ಮ ನೆಲಕ್ಕೆ ಬೇರೊಂದಿಲ್ಲ. ಶಾಲೆ, ಅಂಗನವಾಡಿಗಳ ಅಂಗಳದಲ್ಲಿ ಕೈತೋಟ ಮಾಡಬೇಕೆಂದು ಸರ್ಕಾರವೇ ಹೇಳುತ್ತದೆ. ಬಿಸಿಯೂಟದ ಪಾತ್ರೆ, ಮಕ್ಕಳ ಕೈ, ತಟ್ಟೆ ತೊಳೆದ ನೀರು ದಿನಾ ಒಂದೇ ಕಡೆ ಹರಿಯುವ ಜಾಗವದು. ಅಲ್ಲಿ ಎರಡು ನುಗ್ಗೆ, ಎರಡು ಪಪ್ಪಾಯಿ ಇಲ್ಲದಿದ್ದರೆ ಊರಿನವರಾದ ನಾವೇ ಹೋಗಿ ನೆಡಬೇಕು.

ತಾರಸಿಯಲ್ಲಿ ತೋಟ ಮಾಡುವವರು ಭಾರ ಮರೆಯಬಾರದು. ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 50 ಕೆಜಿ ತೂಗುತ್ತದೆ. ಡಬ್ಬಗಳನ್ನು ಗೋಡೆ, ತೊಲೆಗಳ ನೇರಕ್ಕೆ ಇಡಬೇಕು, ನಟ್ಟನಡುವೆ ಬೇಡ. ಮೂರರಲ್ಲಿ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿಯೋ ಶೇಂಗಾ ಸಿಪ್ಪೆಯೋ ಆದರೆ ಹಗುರಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಮೇಲೆ ನೆರಳುಬಲೆ, ಇಲ್ಲವೇ ಹಳೇ ಸೀರೆ ಕಟ್ಟಬೇಕು.

ಹೊಸದಾಗಿ ಮನೆ ಕಟ್ಟಿಸುವವರಲ್ಲಿ ನನ್ನದೊಂದು ಕೋರಿಕೆ. ಮೇಸ್ತ್ರಿ ಪಾಯ ಹಾಕುವ ದಿನವೇ ಹೇಳಿಬಿಡಿ: ಬಚ್ಚಲು, ಅಡಿಗೆಮನೆಯ ಪೈಪು ಬೇರೆ, ಶೌಚಾಲಯದ ಪೈಪು ಬೇರೆ. ಕಾಂಪೌಂಡಿನ ಒಳಗೆ ಮೂರಡಿ ಅಗಲದ ಮಣ್ಣನ್ನು ಟೈಲ್ಸ್ ಹಾಕದೆ ಬಿಡಿ, ಬಚ್ಚಲ ಪೈಪಿನ ಬಾಯಿ ಅಲ್ಲಿಗೆ ಬರಲಿ. ಆಮೇಲೆ ಒಡೆಸಿ ಮಾಡಿಸುವುದಕ್ಕಿಂತ ಈಗ ಹೇಳಿದರೆ ಖರ್ಚೇ ಇಲ್ಲ. ಕಟ್ಟಿದ ಮನೆಯಲ್ಲಿರುವವರು ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಬಿಡದೆ ಒಂದು ಬಕೆಟ್ಟಿಗೆ ಹಿಡಿಯುವುದರಿಂದ ಶುರುಮಾಡಿ. ಬೀಜ, ಸಸಿ, ಸಲಹೆ ಬೇಕಾದವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮ ಬೀದಿಯ ಹಿರಿಯ ಹೆಂಗಸರನ್ನು ಕೇಳಿ. ಸೋರೆ, ಅವರೆ, ಪುಂಡಿಯ ಬೀಜ ಬೂದಿಯಲ್ಲಿ ಬೆರೆಸಿ ಗಂಟು ಕಟ್ಟಿಟ್ಟವರು ಇನ್ನೂ ಇದ್ದಾರೆ, ಕೇಳಿದವರಿಗೆ ಕೊಡುತ್ತಾರೆ. ಮುಂಗಾರು ಬರುವುದರೊಳಗೆ ಹೋಗಿ ಕೇಳಿ.